ನೆಂಚಿಕೊಳ್ಳುವುದು ತಟ್ಟೆಯ ನಡುವಿಗೆ ಬರಲಿ

‘ನೆಂಚಿಕೊಳ್ಳೋಕೆ ಏನಿದೆ?’ ಊಟಕ್ಕೆ ಕೂತವರು ಅಡುಗೆಮನೆಯ ಕಡೆ ಕತ್ತು ಚಾಚಿ ಕೇಳುವ ಪ್ರಶ್ನೆ ಇದು. ಆ ಪ್ರಶ್ನೆಯೊಳಗೆ ಒಂದು ತೀರ್ಮಾನ ಆಗಲೇ ಕೂತಿರುತ್ತದೆ. ಅನ್ನ, ಮುದ್ದೆ, ರೊಟ್ಟಿ, ದೋಸೆ ಇವು ಊಟ. ಪಲ್ಯ, ಕಾಳು, ಸೊಪ್ಪು, ಕೋಸಂಬರಿ ಇವು ಆ ಊಟ ಗಂಟಲಲ್ಲಿ ಇಳಿಯಲೆಂದು ಪಕ್ಕದಲ್ಲಿ ಇಟ್ಟುಕೊಳ್ಳುವ ವಸ್ತುಗಳು. ನಡುವೆ ಗುಡ್ಡದ ಹಾಗೆ ಅನ್ನ, ಅಂಚಿನಲ್ಲಿ ಎರಡು ಚಮಚ ಹುರುಳಿಕಾಯಿ ಪಲ್ಯ. ಅದೂ ಇಲ್ಲದ ದಿನ ಉಪ್ಪಿನಕಾಯಿ, ಹಪ್ಪಳ. ಅವೂ ನೆಂಚಿಕೊಳ್ಳುವ ಸಾಲಿನಲ್ಲೇ ಬರುವುದರಿಂದ ಊಟದಲ್ಲಿ ಏನೋ ತಪ್ಪಿಹೋಯಿತು ಎಂದು ಯಾರಿಗೂ ಅನ್ನಿಸುವುದಿಲ್ಲ.

ಹೊಸ ವರ್ಷ ಬಂತೆಂದರೆ ಅದು ಬಿಡಿ, ಇದು ಬಿಡಿ ಎನ್ನುವ ಸಲಹೆಗಳು ಎಲ್ಲ ಕಡೆಯಿಂದ ಬರುತ್ತವೆ. ಸಿಹಿ ಬಿಡುವುದು, ರಾತ್ರಿ ಊಟ ಬಿಡುವುದು, ಅನ್ನವನ್ನೇ ಬಿಡುವುದು. ಬೆಳಿಗ್ಗೆ ಹಸಿರು ರಸ ಕುಡಿದು ಮೈಯೊಳಗಿನ ವಿಷ ತೊಳೆಯಬೇಕಂತೆ. ಆ ಕೆಲಸವನ್ನು ನಮ್ಮ ಪಿತ್ತಜನಕಾಂಗ ಮತ್ತು ಮೂತ್ರಪಿಂಡಗಳು ಹುಟ್ಟಿದಂದಿನಿಂದ ಮಾಡುತ್ತಲೇ ಇವೆ, ಅದಕ್ಕೆ ರಸದ ನೆರವು ಬೇಡ. ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ನಮ್ಮ ಊಟದಲ್ಲಿರುವ ವಸ್ತುಗಳು ಕೆಟ್ಟವಲ್ಲ, ಅವುಗಳ ಅಳತೆ ತಿರುವುಮುರುವಾಗಿದೆ. ನೆಂಚಿಕೊಳ್ಳುವುದು ತಟ್ಟೆಯ ನಡುವಿಗೆ ಬರಬೇಕು, ಅನ್ನ ಅಂಚಿಗೆ ಸರಿಯಬೇಕು.

ಈ ಅಳತೆ ಹೀಗಾಗಿದ್ದಕ್ಕೆ ಕಾರಣವಿದೆ. ನೇಗಿಲು ಹಿಡಿದವರಿಗೆ, ಬಾವಿಯಿಂದ ನೀರು ಸೇದಿದವರಿಗೆ, ಹತ್ತು ಮೈಲಿ ನಡೆದು ಸಂತೆಗೆ ಹೋಗಿ ಬಂದವರಿಗೆ ದೊಡ್ಡ ಮುದ್ದೆ ಬೇಕಿತ್ತು. ಮಧ್ಯಾಹ್ನ ಉಂಡದ್ದು ಸಂಜೆಯೊಳಗೆ ಹೊಲದಲ್ಲೇ ಕರಗಿಹೋಗುತ್ತಿತ್ತು. ಬಯಲುಸೀಮೆಯಲ್ಲಂತೂ ಬಿಳಿ ಅನ್ನ ಹಬ್ಬಕ್ಕೆ, ನೆಂಟರು ಬಂದಾಗ, ಬಾಣಂತಿಗೆ. ಉಳಿದ ದಿನ ರಾಗಿ, ಜೋಳ, ಸಜ್ಜೆ, ನವಣೆ. ಈಗ ಕೆಲಸ ಕುರ್ಚಿಗೆ ಬಂದಿದೆ, ಅನ್ನ ಮೂರು ಹೊತ್ತಿಗೂ ಬಂದಿದೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ಸಂಜೆ ಮಂಡಕ್ಕಿ, ರಾತ್ರಿ ದೋಸೆ. ಬೇರೆ ಬೇರೆ ಹೆಸರು ಹೊತ್ತು ಬಂದರೂ ಅಷ್ಟೂ ಅಕ್ಕಿಯೇ.

ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬುದೊಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ್ದು. ಅದು ಹುಟ್ಟಿದ ಬಗೆಯೇ ನಮ್ಮ ಅನ್ನದ ಕಥೆ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ, ಒಂದೇ ಒಂದು ಕೋಣೆಯಲ್ಲಿ, ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ವಿಚಾರಣೆಗೆಂದು ಶುರುಮಾಡಿದ ಪ್ರಯೋಗಾಲಯ ಅದು. ಗಿರಣಿಯಲ್ಲಿ ತೌಡೆಲ್ಲ ಹೋಗುವಂತೆ ಪಾಲಿಶ್ ಮಾಡಿದ ಬಿಳಿ ಅಕ್ಕಿಯನ್ನೇ ನೆಚ್ಚಿ ಬದುಕುವವರಿಗೆ ಥಯಮಿನ್ ಎಂಬ ಬಿ1 ವಿಟಮಿನ್ ಸಾಲದೆ ಬರುವ ರೋಗ ಬೆರಿಬೆರಿ. ಭತ್ತವನ್ನು ಬೇಯಿಸಿ ಒಣಗಿಸಿ ಆಮೇಲೆ ಕುಟ್ಟುವ ಊರುಗಳಲ್ಲಿ ಅದರ ಕಾಟ ಕಡಿಮೆ. ಬೇಯುವಾಗ ತೌಡಿನಲ್ಲಿರುವ ವಿಟಮಿನ್ ಸ್ವಲ್ಪ ಕಾಳಿನೊಳಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯ ಕುಚ್ಚಲಕ್ಕಿ ಗಂಜಿ ಉಂಡವರು ಈ ಲಾಭವನ್ನು ತಲೆತಲಾಂತರದಿಂದ ಪಡೆದಿದ್ದಾರೆ. 1958ರಲ್ಲಿ ಆ ಪ್ರಯೋಗಾಲಯ ಹೈದರಾಬಾದಿಗೆ ಬಂತು.

ಆ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರ ಊಟಕ್ಕೆ 17 ಮಾರ್ಗಸೂಚಿಗಳನ್ನು ಹೊರತಂದಿತು. ದೇಶದ ಒಟ್ಟು ಕಾಯಿಲೆಯ ಹೊರೆಯಲ್ಲಿ ಶೇ 56.4ರಷ್ಟಕ್ಕೆ ಅನಾರೋಗ್ಯಕರ ಆಹಾರ ಕಾರಣ ಎಂಬ ಅಂದಾಜು ಅದರಲ್ಲಿದೆ. ದಿನಕ್ಕೆ ಸುಮಾರು 2000 ಕ್ಯಾಲೊರಿ ಬೇಕಾಗುವ ವ್ಯಕ್ತಿಗೆ ಒಂದು ತಟ್ಟೆಯ ಲೆಕ್ಕವನ್ನೂ ಕೊಟ್ಟಿದ್ದಾರೆ: ಅಕ್ಕಿ, ರಾಗಿ, ಗೋಧಿಯಂಥ ಧಾನ್ಯವೆಲ್ಲ ಸೇರಿ 250 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು 85 ಗ್ರಾಂ, ಕಡಲೆಕಾಯಿ ಎಳ್ಳಿನಂಥ ಬೀಜಗಳು 35 ಗ್ರಾಂ, ಎಣ್ಣೆ ತುಪ್ಪ 27 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ. ಮೊಟ್ಟೆ ಮೀನು ಮಾಂಸ ತಿನ್ನುವವರಿಗೆ ಬೇಳೆಯ ಪಾಲಿನಲ್ಲಿ ಒಂದಷ್ಟು ಅದರಿಂದಲೇ ಬರುತ್ತದೆ. ಎಲ್ಲವೂ ಬೇಯಿಸುವ ಮುಂಚಿನ ತೂಕ. ಚಿತ್ರ ಬರೆದರೆ ತಟ್ಟೆಯ ಅರ್ಧ ತರಕಾರಿ, ಸೊಪ್ಪು, ಹಣ್ಣು. ಅನ್ನ, ಕಾಳು, ಹಾಲು ಎಲ್ಲ ಉಳಿದರ್ಧದಲ್ಲಿ ಹೊಂದಿಕೊಳ್ಳಬೇಕು.

ಇದನ್ನು ಓದಿದಾಗ ನನಗೆ ಹೊಳೆದದ್ದು ಇಷ್ಟು. ಗ್ರಾಂ ಲೆಕ್ಕವನ್ನು ತಟ್ಟೆಯ ಮುಂದೆ ಕೂತು ಮಾಡಲಾಗುವುದಿಲ್ಲ. ಅನ್ನದ ಸೌಟು ಕೈಯಲ್ಲಿರುವಾಗ ಯಾರಿಗೂ ತಕ್ಕಡಿ ನೆನಪಾಗುವುದಿಲ್ಲ. ಆದರೆ ಪ್ರತಿ ಮನೆಯಲ್ಲೂ ತಿಂಗಳಿಗೊಮ್ಮೆ ತೂಕದ ಲೆಕ್ಕವೊಂದು ಬರೆದಾಗುತ್ತದೆ, ಸಾಮಾನಿನ ಚೀಟಿ. ಹೋದ ವರ್ಷ ಜನವರಿಯ ಮೊದಲ ದಿನ ನಮ್ಮ ಮನೆಯ ಚೀಟಿಯನ್ನು ಮುಂದಿಟ್ಟುಕೊಂಡು ಕೂತೆ. ನಾವು ನಾಲ್ವರು: ಅತ್ತೆ, ಗಂಡ, ಕಾಲೇಜಿಗೆ ಹೋಗುವ ಮಗಳು, ನಾನು. ಎಲ್ಲರೂ ದೊಡ್ಡವರೇ ಆದ್ದರಿಂದ ಲೆಕ್ಕ ಸುಲಭ.

ಧಾನ್ಯ ತಲೆಗೆ 250 ಗ್ರಾಂ ಅಂದರೆ ನಾಲ್ವರಿಗೆ ತಿಂಗಳಿಗೆ 30 ಕೆಜಿ. ನಮ್ಮ ಚೀಟಿಯಲ್ಲಿ ಅಕ್ಕಿ ಮೂಟೆ 25 ಕೆಜಿ, ಗೋಧಿ ಹಿಟ್ಟು 5, ರಾಗಿ ಹಿಟ್ಟು 4, ರವೆ 2, ಅವಲಕ್ಕಿ 1. ಒಟ್ಟು 37. ಬ್ರೆಡ್ಡು, ಬಿಸ್ಕತ್ತು, ಹೊರಗೆ ತಿಂದದ್ದು ಬೇರೆ. ಇದು ಅಷ್ಟೇನೂ ಹೆಚ್ಚಲ್ಲ ಅಂದುಕೊಂಡೆ. ಬೇಳೆಕಾಳಿನ ಸಾಲಿಗೆ ಬಂದಾಗ ಪೆನ್ನು ನಿಂತಿತು. ತಲೆಗೆ 85 ಗ್ರಾಂ ಅಂದರೆ ತಿಂಗಳಿಗೆ 10 ಕೆಜಿಗೂ ಮೇಲೆ ಬೇಕು. ನಾವು ತರಿಸುತ್ತಿದ್ದದ್ದು ತೊಗರಿಬೇಳೆ 2, ಉದ್ದಿನಬೇಳೆ 1, ಕಡಲೆಬೇಳೆ ಅರ್ಧ, ಹೆಸರುಬೇಳೆ ಅರ್ಧ. ನಾಲ್ಕು ಕೆಜಿ! ದಿನಾ ಸಾರು ಮಾಡುವ ಮನೆಯಲ್ಲಿ ಬೇಳೆಗೇನು ಕೊರತೆ ಎಂದು ನಂಬಿಕೊಂಡಿದ್ದವಳು ನಾನು. ಒಂದು ಹಿಡಿ ಬೇಳೆಗೆ ನಾಲ್ಕು ಲೋಟ ನೀರು ಹೊಯ್ದು ನಾಲ್ವರಿಗೆ ಹಂಚಿದ ಸಾರಿನಲ್ಲಿ ಒಬ್ಬರಿಗೆ ಬೀಳುವ ಬೇಳೆ ಎಷ್ಟು ಎಂದು ಅಳೆದು ನೋಡಿದ್ದೇ ಇಲ್ಲ.

ತರಕಾರಿಯನ್ನು ಚೀಟಿಯಲ್ಲಿ ಬರೆಯುವುದಿಲ್ಲ, ಅದು ಗಾಡಿಯವನ ಹತ್ತಿರವೋ ಸಂತೆಯಲ್ಲೋ ಬರುವಂಥದ್ದು. ಒಂದು ವಾರ ತಂದದ್ದನ್ನೆಲ್ಲ ತೂಗಿದೆ. ಏಳು ಕೆಜಿ ಇತ್ತು, ಅದರಲ್ಲಿ ಆಲೂಗಡ್ಡೆಯೇ ಒಂದೂವರೆ. ವಿಶ್ವ ಆರೋಗ್ಯ ಸಂಸ್ಥೆ ಹಣ್ಣು ತರಕಾರಿಯ ಲೆಕ್ಕ ಹೇಳುವಾಗ ಆಲೂಗಡ್ಡೆ, ಗೆಣಸಿನಂಥ ಪಿಷ್ಟದ ಗೆಡ್ಡೆಗಳನ್ನು ಹೊರಗಿಡುತ್ತದೆ. ಹಾಗಾಗಿ ಉಳಿದದ್ದು ಐದೂವರೆ. ಬೇಕಾದದ್ದು ವಾರಕ್ಕೆ 11 ಕೆಜಿ ಚಿಲ್ಲರೆ. ನಾವು ಅರ್ಧ ತರಕಾರಿಯಲ್ಲಿ ಬದುಕುತ್ತಿದ್ದೆವು.

ಉಪ್ಪಿನ ಲೆಕ್ಕವೂ ಚೀಟಿಯಲ್ಲೇ ಸಿಕ್ಕಿತು. ದಿನಕ್ಕೆ ತಲೆಗೆ 5 ಗ್ರಾಂ ಮೀರಬಾರದು, ಅಂದರೆ ಸುಮಾರು ಒಂದು ಟೀ ಚಮಚ. ನಾಲ್ವರಿಗೆ ತಿಂಗಳಿಗೆ 600 ಗ್ರಾಂ. ನಮ್ಮಲ್ಲಿ ಒಂದು ಕೆಜಿ ಪೊಟ್ಟಣ ತಿಂಗಳಿಗೆ ಸರಿಯಾಗಿ ಮುಗಿಯುತ್ತಿತ್ತು, ಅಂದರೆ ತಲೆಗೆ 8 ಗ್ರಾಂ. ಉಪ್ಪಿನಕಾಯಿ ಜಾಡಿ, ಬೇಕರಿ ಖಾರ, ಹಪ್ಪಳದ ಕಟ್ಟು ಇದರಲ್ಲಿ ಸೇರಿಲ್ಲ. ಎಣ್ಣೆ ತುಪ್ಪ ಎರಡೂ ಸೇರಿ ಮೂರೂವರೆ ಲೀಟರಿನೊಳಗೆ ಇರಬೇಕಿತ್ತು, ಎಣ್ಣೆಯೊಂದೇ ಐದು ಲೀಟರ್ ಇತ್ತು. ಸಕ್ಕರೆ ದಿನಕ್ಕೆ 25 ಗ್ರಾಂ ಒಳಗೆ ಎನ್ನುತ್ತಾರೆ. ಬೆಲ್ಲವೂ ಸಕ್ಕರೆಯೇ ಎಂಬುದನ್ನು ಒಪ್ಪಿಕೊಳ್ಳಲು ನಮ್ಮ ಮನಸ್ಸು ಹಿಂಜರಿಯುತ್ತದೆ. ಬೆಲ್ಲದಲ್ಲಿ ಒಂದಿಷ್ಟು ಖನಿಜ ಇರಬಹುದು, ರುಚಿ ಹೆಚ್ಚಿರಬಹುದು. ಆದರೆ ರಕ್ತದ ಸಕ್ಕರೆ ಏರಿಸುವುದರಲ್ಲಿ ಅದು ಸಕ್ಕರೆಯ ಅಣ್ಣನೋ ತಮ್ಮನೋ ಅಷ್ಟೇ.

ಇಷ್ಟು ಓದಿದ ಮೇಲೆ ಕೆಲವರು ಹೇಳುವುದುಂಟು: ‘ಅದಕ್ಕೇ ನಾವು ಅಕ್ಕಿ ಬಿಟ್ಟು ರಾಗಿ, ಸಿರಿಧಾನ್ಯ ಶುರುಮಾಡಿದ್ದೇವೆ.’ ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧದ ಬಗ್ಗೆ ನನಗೆ ತುಂಬಾ ಗೌರವವೂ ಇದೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಷಿಯಂ ಇದ್ದರೆ, ಬಿಳಿ ಅಕ್ಕಿಯಲ್ಲಿ ಅದು ಹತ್ತನ್ನೂ ಮುಟ್ಟುವುದಿಲ್ಲ. ನಾರಂತೂ ಹೋಲಿಸಲೇ ಬಾರದು. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ನಾಡು ನಮ್ಮದು. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ತಳಿಗೂ ಆಫ್ರಿಕಾದ ತಳಿಗೂ ಕೂಡಿಕೆ ಮಾಡಿ ‘ಇಂಡಾಫ್’ ರಾಗಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ಜನ ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ರೈತನ ಹೊಲದಲ್ಲಿ ರಾಗಿ ತೆನೆ ತುಂಬುವಂತೆ ಮಾಡಿದ ಅಂಥವರ ನೆನಪಿಗಾದರೂ ವಾರದಲ್ಲಿ ನಾಲ್ಕು ದಿನ ಮುದ್ದೆ ಉಣ್ಣಬೇಕು.

ಆದರೆ ಮುದ್ದೆಯೂ ಧಾನ್ಯವೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಮದ್ರಾಸಿನ ಮಧುಮೇಹ ಸಂಶೋಧಕರೂ ಸೇರಿ ಎಲ್ಲ ರಾಜ್ಯಗಳ 1.21 ಲಕ್ಷ ಜನರ ಸಮೀಕ್ಷೆಯಲ್ಲಿ ಊಟದ ಲೆಕ್ಕವನ್ನೂ ಹಾಕಿದ ವರದಿಯೊಂದು 2025ರಲ್ಲಿ ಪ್ರಕಟವಾಯಿತು. ನಮ್ಮ ಜನಕ್ಕೆ ಊಟದಿಂದ ಸಿಗುವ ಶಕ್ತಿಯಲ್ಲಿ ಶೇ 62ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ, ಪ್ರೋಟೀನಿನ ಪಾಲು ಬರೀ ಶೇ 12. ಅದರಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಮುಂದಿನ ಮಾತು. ಬಿಳಿ ಅಕ್ಕಿಯ ಜಾಗಕ್ಕೆ ಅಷ್ಟೇ ಪ್ರಮಾಣದ ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ಬಂದರೆ ಮಧುಮೇಹದ ಅಪಾಯ ಇಳಿದದ್ದು ಕಾಣಲಿಲ್ಲ. ಶಕ್ತಿಯಲ್ಲಿ ಶೇ 5ರಷ್ಟನ್ನು ಪಿಷ್ಟದಿಂದ ತೆಗೆದು ಕಾಳು, ಹಾಲು ಮೊಸರಿನಂಥ ಪ್ರೋಟೀನಿಗೆ ಕೊಟ್ಟಾಗ ಇಳಿಯಿತು. ಅಕ್ಕಿ ಮೂಟೆ ಹೋಗಿ ಅಷ್ಟೇ ದೊಡ್ಡ ರಾಗಿ ಮೂಟೆ ಬಂದರೆ ಸಾಲದು, ಮೂಟೆಯೇ ಚಿಕ್ಕದಾಗಬೇಕು. ಅದರ ಪಕ್ಕದ ಕಾಳಿನ ಡಬ್ಬ ದೊಡ್ಡದಾಗಬೇಕು. ಹಾಗೆಂದು ಅಂಗಡಿಯ ಪ್ರೋಟೀನ್ ಪುಡಿಗೆ ಹಣ ಸುರಿಯಬೇಡಿ. ಅದನ್ನು ಬಿಟ್ಟುಬಿಡಿ ಎಂದು 2024ರ ಆ ಮಾರ್ಗಸೂಚಿಯೇ ಹೇಳುತ್ತದೆ.

ಇನ್ನು ಮಾಡುವುದು ಹೇಗೆ? ಹೊಸ ಅಡುಗೆ ಕಲಿಯಬೇಕಾಗಿಲ್ಲ. ಬಸ್ಸಾರು ಮಾಡುವ ಮನೆಯವರಿಗೆ ದಾರಿ ಆಗಲೇ ಗೊತ್ತು. ಅಲಸಂದೆಯೋ ಹುರುಳಿಯೋ ಹೆಸರುಕಾಳೋ ಬೇಯಲು ಹಾಕಿ, ಅರ್ಧ ಬೆಂದ ಮೇಲೆ ದಂಟು, ಸಬ್ಬಸಿಗೆ, ಕೀರೆ ಯಾವುದಾದರೂ ಸೊಪ್ಪು ಸೇರಿಸಿ, ಬಸಿದ ಕಟ್ಟಿನಲ್ಲಿ ಸಾರು ಮಾಡಿ, ಉಳಿದ ಕಾಳು ಸೊಪ್ಪಿಗೆ ಕಾಯಿತುರಿ ಹಾಕಿ ಒಗ್ಗರಣೆ ಕೊಡುವುದು. ಒಂದೇ ಪಾತ್ರೆಯಿಂದ ಸಾರು, ಪಲ್ಯ ಎರಡೂ ಬಂತು, ಬೇಯಿಸಿದ ನೀರು ಚೆಲ್ಲಲಿಲ್ಲ. ಬದಲಾಗಬೇಕಾದದ್ದು ಬಡಿಸುವುದರಲ್ಲಿ ಮಾತ್ರ. ಆ ಪಲ್ಯವನ್ನು ಚಮಚದಲ್ಲಿ ಬಡಿಸಬೇಡಿ, ಬಟ್ಟಲಿನಲ್ಲಿ ಬಡಿಸಿ. ಮುದ್ದೆ ಕಿತ್ತಳೆ ಹಣ್ಣಿನ ಗಾತ್ರಕ್ಕೆ ಇಳಿಯಲಿ. ಮಲೆನಾಡಿನವರಿಗೆ ಒಂದೆಲಗದ ತಂಬುಳಿ, ಹುರುಳಿ ಸಾರು ಇದೆ. ಕರಾವಳಿಯಲ್ಲಿ ಬಸಳೆ, ಹರಿವೆ, ಜೊತೆಗೆ ಬಂಗುಡೆ, ಬೂತಾಯಿ. ಈ ಎರಡು ಮೀನುಗಳಲ್ಲಿರುವ ಒಮೆಗಾ-3 ಕೊಬ್ಬು ಹೃದಯಕ್ಕೆ ಒಳ್ಳೆಯದು, ಬೆಲೆಯೂ ಅಂಜಲಿನಷ್ಟಿಲ್ಲ. ಹುರಿಯುವುದಕ್ಕಿಂತ ಸಾರು ಮಾಡಿದರೆ ಲೇಸು.

ನನಗೆ ಹೊಸ ವರ್ಷದ ಊಟ ಎಂದರೆ ನೆನಪಾಗುವುದು ಕಲಬುರಗಿ ಬೀದರಿನ ಕಡೆಯ ಎಳ್ಳಮಾವಾಸ್ಯೆ. ಡಿಸೆಂಬರ್ ಕೊನೆಗೋ ಜನವರಿಯ ಮೊದಲಿಗೋ ಬರುವ ಆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಗೆ ಪೂಜೆ ಮಾಡಿ, ಹೊಲದ ತುಂಬ ಚರಗ ಚೆಲ್ಲಿ, ಬೆಳೆಯ ನಡುವೆ ಕೂತು ಉಣ್ಣುತ್ತಾರೆ. ಆ ಬುತ್ತಿಯ ಜೀವ ಭಜ್ಜಿ. ಎಣ್ಣೆಯಲ್ಲಿ ಕರಿದ ಬಜ್ಜಿಯಲ್ಲ ಇದು. ಹಸಿ ತೊಗರಿಕಾಳು, ಅವರೆಕಾಳು, ಹಸಿ ಕಡಲೆ, ಬಟಾಣಿ, ಶೇಂಗಾ, ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ ಸೊಪ್ಪು, ಗಜ್ಜರಿ, ಬದನೆಕಾಯಿ, ಹೊಲದಲ್ಲಿ ಆ ವಾರ ಏನೇನು ಸಿಗುತ್ತದೋ ಅದನ್ನೆಲ್ಲ ಹುಣಸೆಹುಳಿ, ಕಡಲೆಹಿಟ್ಟು ಹಾಕಿ ಒಟ್ಟಿಗೆ ಕುದಿಸಿದ್ದು. ಅದರ ಜೊತೆ ಸಜ್ಜೆ ರೊಟ್ಟಿ. ಒಂದು ರೊಟ್ಟಿಗೆ ದೊಡ್ಡ ಬಟ್ಟಲು ಭಜ್ಜಿ ಹೋಗುತ್ತದೆ. ಹೈದರಾಬಾದಿನ ಸಂಸ್ಥೆ ಚಿತ್ರ ಬರೆದು ತೋರಿಸಿದ ಅರ್ಧ ತಟ್ಟೆ ಅಲ್ಲಿನ ಹೊಲದ ಬದುವಿನ ಮೇಲೆ ವರ್ಷಕ್ಕೊಮ್ಮೆ ತಪ್ಪದೆ ಬಿಚ್ಚಿಕೊಳ್ಳುತ್ತದೆ. ಉತ್ತರ ಕರ್ನಾಟಕದ ದಿನದ ಊಟದಲ್ಲೂ ಈ ಗುಣವಿದೆ. ರೊಟ್ಟಿಯ ಪಕ್ಕ ಹಸಿ ಮೆಂತ್ಯ, ಹಕ್ಕರಕಿ, ಸೌತೆಕಾಯಿ, ಮೂಲಂಗಿ. ಮಡಕಿ ಕಾಳಿನ ಪಲ್ಯ. ಶೇಂಗಾ ಹಿಂಡಿ, ಅಗಸಿ ಹಿಂಡಿ. ಬೀಜದ 35 ಗ್ರಾಂ ಹಿಂಡಿಯ ರೂಪದಲ್ಲಿ ಅಲ್ಲೇ ಬಂದುಬಿಡುತ್ತದೆ. ದಕ್ಷಿಣದ ನಾವು ಸಂಕ್ರಾಂತಿಗೆ ಎಳ್ಳು ಬೀರಿ ಮರುದಿನ ಮರೆತುಬಿಡುತ್ತೇವೆ. ಎಳ್ಳಿನಲ್ಲಿ ರಾಗಿಗಿಂತಲೂ ಹೆಚ್ಚು ಕ್ಯಾಲ್ಷಿಯಂ ಇದೆ. ಬೆಲ್ಲದ ಚೂರು, ಸಕ್ಕರೆ ಅಚ್ಚು ತೆಗೆದಿಟ್ಟು, ಹುರಿದ ಎಳ್ಳು, ಕಡಲೆಬೀಜ, ಹುರಿಗಡಲೆಯ ಡಬ್ಬಿಯನ್ನು ವರ್ಷವಿಡೀ ಊಟದ ಮೇಜಿನ ಮೇಲೆ ಇಡಬಹುದು. ಸಂಜೆ ನಾಲ್ಕರ ಬಿಸ್ಕತ್ತಿಗೆ ಅದಕ್ಕಿಂತ ಒಳ್ಳೆಯ ಬದಲಿ ನನಗೆ ಸಿಕ್ಕಿಲ್ಲ.

ಬೆಳಗಿನ ತಿಂಡಿಯೇ ಕಷ್ಟದ ಜಾಗ. ಚಿತ್ರಾನ್ನ, ಪುಳಿಯೋಗರೆ, ಉಪ್ಪಿಟ್ಟು, ಅವಲಕ್ಕಿ ಎಲ್ಲವೂ ಧಾನ್ಯಕ್ಕೆ ಒಗ್ಗರಣೆ ಕೊಟ್ಟವು. ಇವನ್ನು ಬಿಡಲು ನಾನೂ ತಯಾರಿಲ್ಲ. ಉಪ್ಪಿಟ್ಟಿಗೆ ರವೆಯಷ್ಟೇ ಅಳತೆಯ ಹುರುಳಿಕಾಯಿ, ಕ್ಯಾರೆಟ್, ಅವರೆಕಾಳು ಹಾಕುವುದು, ಚಿತ್ರಾನ್ನದ ಜೊತೆ ಒಂದು ಬಟ್ಟಲು ಹೆಸರುಕಾಳಿನ ಉಸಲಿ ಇಡುವುದು, ವಾರಕ್ಕೆರಡು ದಿನ ಅಕ್ಕಿಯ ದೋಸೆಯ ಬದಲು ಹೆಸರುಕಾಳಿನ ದೋಸೆ ಹುಯ್ಯುವುದು, ಇಷ್ಟರಲ್ಲೇ ಲೆಕ್ಕ ಬಹಳ ಸರಿಹೋಗುತ್ತದೆ. ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ. ತಿಂಡಿ ತಿಂದ ಕೈಯಲ್ಲೇ ಕಾಫಿ ಲೋಟ ಹಿಡಿಯುವ ಅಭ್ಯಾಸ ಮಾತ್ರ ಬದಲಾಗಲಿ. ಕಾಫಿ, ಟೀಯಲ್ಲಿರುವ ಟ್ಯಾನಿನ್ ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ. ಊಟ ತಿಂಡಿಗೆ ಒಂದು ಗಂಟೆ ಮುಂಚೆ ಅಥವಾ ಒಂದು ಗಂಟೆ ಆದ ಮೇಲೆ ಕುಡಿಯಿರಿ. ಸೊಪ್ಪಿನ ಪಲ್ಯದ ಮೇಲೆ ಅರ್ಧ ನಿಂಬೆಹಣ್ಣು ಹಿಂಡುವುದು ಅದಕ್ಕೆ ವಿರುದ್ಧವಾದ ಕೆಲಸ ಮಾಡುತ್ತದೆ, ನಿಂಬೆಯ ವಿಟಮಿನ್ ಸಿ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ನೆಲ್ಲಿಕಾಯಿಯ ಕಾಲದಲ್ಲಿ ಅದೂ ಆಗುತ್ತದೆ.

ತಿನ್ನುವ ಸರದಿಯೂ ಮುಖ್ಯ ಎಂದು ಈಚೆಗೆ ತಿಳಿಯಿತು. 2015ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು ಮಧುಮೇಹವಿದ್ದ 11 ಜನರಿಗೆ ಒಂದೇ ಊಟವನ್ನು ಎರಡು ಸರದಿಯಲ್ಲಿ ಕೊಟ್ಟು ನೋಡಿದರು. ತರಕಾರಿ, ಪ್ರೋಟೀನ್ ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದ ದಿನ ಊಟದ ನಂತರದ ಸಕ್ಕರೆ ಗಣನೀಯವಾಗಿ ಕಡಿಮೆ ಏರಿತು. ಸಣ್ಣ ಪ್ರಯೋಗ, ನಿಜ, ಆದರೆ ನಮ್ಮ ಹಳೆಯ ಕ್ರಮಕ್ಕೂ ಅದು ಹೊಂದುತ್ತದೆ. ನಮ್ಮ ಬಾಳೆಲೆ ಊಟದಲ್ಲಿ ಕೋಸಂಬರಿ, ಪಲ್ಯಗಳು ಮೊದಲು ಬೀಳುತ್ತವೆ, ಅನ್ನ ಬರುವುದು ಆಮೇಲೆ. ಪಂಕ್ತಿಯಲ್ಲಿ ಕೂತ ಮಕ್ಕಳು ಕಾಯಲಾರದೆ ಕೋಸಂಬರಿಯನ್ನು ಬಾಯಿಗೆ ಹಾಕಿಕೊಂಡರೆ ಇನ್ನು ಮೇಲೆ ಗದರಿಸಬೇಡಿ.

ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವವರು ಅನ್ನವನ್ನು ದಿಢೀರನೆ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೂತ್ರಪಿಂಡದ ತೊಂದರೆಯಿದ್ದವರಿಗೆ ಸೊಪ್ಪು, ಕಾಳು ಹೆಚ್ಚಾಗುವುದು ಹೊಂದುವುದಿಲ್ಲ. ಅವರು ತಮ್ಮ ವೈದ್ಯರನ್ನು ಕೇಳದೆ ಏನನ್ನೂ ಬದಲಿಸಬಾರದು.

ಬೇಳೆ ದುಬಾರಿಯಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ತೊಗರಿಯೊಂದನ್ನೇ ನೆಚ್ಚಿದರೆ ಕೈಸುಡುತ್ತದೆ. ಹುರುಳಿ, ಅಲಸಂದೆ, ಕಡಲೆಕಾಳು, ಮಡಕಿ ಸರದಿಯಲ್ಲಿ ಬರಲಿ. ನಮ್ಮ ಮನೆಯಲ್ಲಿ ಅಕ್ಕಿ ಏಳು ಕೆಜಿ ಇಳಿದು, ಎಣ್ಣೆ ಒಂದೂವರೆ ಲೀಟರ್ ಇಳಿದು, ಬೇಕರಿ ಪೊಟ್ಟಣಗಳು ನಿಂತ ದುಡ್ಡಿನಲ್ಲಿ ಕಾಳಿನ ಬಹುಪಾಲು ಬಂತು. ತರಕಾರಿಯ ಖರ್ಚು ಮಾತ್ರ ಏರಿತು. ನಮ್ಮಂಥವರು ಅದನ್ನು ಹೊಂದಿಸಿಕೊಳ್ಳಬಹುದು. ದಿನಗೂಲಿಯ ಮನೆಗೆ ಹೋಗಿ ‘ಅನ್ನ ಕಡಿಮೆ ಮಾಡಿ, ಕಾಳು ಜಾಸ್ತಿ ಮಾಡಿ’ ಎಂದು ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ತಿಂಗಳಿಗೆ ತಲೆಗೆ 5 ಕೆಜಿ ಧಾನ್ಯವನ್ನು ಹಕ್ಕು ಮಾಡಿತು, ಹಸಿವಿನ ಮುಂದೆ ಅದು ಬಹು ದೊಡ್ಡ ಕೆಲಸ. ಬೇಳೆಕಾಳು ಆ ಹಕ್ಕಿನೊಳಗೆ ಸೇರಲಿಲ್ಲ. ತೊಗರಿಯ ಕಣಜ ಎನ್ನಿಸಿಕೊಂಡ ಕಲಬುರಗಿ ನಮ್ಮಲ್ಲೇ ಇದೆ, ಅಲ್ಲಿನ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆ ತೊಗರಿ ಪ್ರತಿ ಪಡಿತರ ಅಂಗಡಿಯ ತಕ್ಕಡಿಗೆ ಅಕ್ಕಿಯಷ್ಟೇ ಖಾತ್ರಿಯಾಗಿ ಬರಬೇಕು. ಜನರ ತಟ್ಟೆ ಸರಿಯಾಗಬೇಕೆಂದು ಸರ್ಕಾರ ಬಯಸುವುದಾದರೆ ಕೆಲಸ ಶುರುವಾಗಬೇಕಾದ ಜಾಗ ಅದು.

ದುಡ್ಡಿಗಿಂತ ದೊಡ್ಡ ಖರ್ಚು ಇನ್ನೊಂದಿದೆ, ಅದರ ಲೆಕ್ಕವನ್ನು ಯಾವ ಮಾರ್ಗಸೂಚಿಯೂ ಇಡುವುದಿಲ್ಲ. ದಿನಕ್ಕೆ ನೂರು ಗ್ರಾಂ ಸೊಪ್ಪು ಎಂದು ಬರೆಯುವುದಕ್ಕೆ ಅರೆ ನಿಮಿಷ. ನಾಲ್ವರಿಗೆ ನಾಲ್ಕು ನೂರು ಗ್ರಾಂ ಮೆಂತ್ಯ ಸೊಪ್ಪನ್ನು ಸೋಸಿ, ಬೇರು ತೆಗೆದು, ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆದು ಹೆಚ್ಚುವುದಕ್ಕೆ ಮುಕ್ಕಾಲು ಗಂಟೆ. ಅವರೆಕಾಯಿ ಬಿಡಿಸಿ, ನೆನೆಸಿ, ಹಿದುಕುವುದಕ್ಕೆ ಇನ್ನೂ ಹೆಚ್ಚು. ಅನ್ನ ಸಾರು ಈ ನಾಡಿನ ಊಟವಾಗಿ ನಿಂತದ್ದು ರುಚಿಯಿಂದ ಮಾತ್ರವಲ್ಲ, ಒಬ್ಬ ಹೆಂಗಸು ಒಬ್ಬಳೇ ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಬಹುದಾದ ಊಟ ಅದೊಂದೇ ಎಂಬ ಕಾರಣಕ್ಕೂ ಹೌದು. ಮನೆಮಂದಿಯೆಲ್ಲ ಆರೋಗ್ಯದ ಸಂಕಲ್ಪ ಮಾಡಿ ಅದರ ಕೆಲಸವನ್ನೆಲ್ಲ ಒಬ್ಬಳ ಮೇಲೆ ಹೊರಿಸಿದರೆ ಆ ಸಂಕಲ್ಪ ಶಿವರಾತ್ರಿಯವರೆಗೂ ಬಾಳುವುದಿಲ್ಲ. ನಮ್ಮಲ್ಲಿ ಎರಡನೇ ವಾರಕ್ಕೇ ನಾನು ಸೋತುಹೋದೆ. ಆಮೇಲೆ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಹಳೆಯ ಪೇಪರ್ ಹಾಸಿ ನಾಲ್ವರೂ ಕೂರುವುದು ಎಂದು ಮಾಡಿಕೊಂಡೆವು. ಟಿ.ವಿ. ಅದರ ಪಾಡಿಗೆ ಓಡುತ್ತಿರುತ್ತದೆ. ಮಗಳು ಸೊಪ್ಪು ಸೋಸುತ್ತಾಳೆ, ಅವಳ ಅಪ್ಪ ಹುರುಳಿಕಾಯಿ ನಾರು ತೆಗೆದು ಹೆಚ್ಚುತ್ತಾರೆ, ಅತ್ತೆ ಅವರೆಕಾಯಿ ಬಿಡಿಸುತ್ತಾರೆ. ಮರುದಿನದ ಕಾಳು ನೆನೆಹಾಕುವುದು ನನ್ನ ಪಾಲು. ಈ ಅರ್ಧ ಗಂಟೆ ಇಲ್ಲದಿದ್ದರೆ ಮೇಲೆ ಬರೆದ ಯಾವ ಲೆಕ್ಕವೂ ನಮ್ಮ ಮನೆಯಲ್ಲಿ ನಡೆಯುತ್ತಿರಲಿಲ್ಲ.

ಮಾಡಿದ ಪಲ್ಯ ಯಾರ ತಟ್ಟೆಗೆ ಎಷ್ಟು ಹೋಗುತ್ತದೆ ಎಂಬುದನ್ನೂ ನೋಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದಕ್ಕೆ ಕಾರಣಗಳು ಹಲವು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳಿಗೆ ಪಲ್ಯದ ಪಾತ್ರೆ ಬರಿದಾಗಿ ಸಿಗುವುದೂ ಅದರಲ್ಲಿ ಒಂದು ಎಂದು ನಾನು ನಂಬಿದ್ದೇನೆ. ಅನ್ನ ಎಷ್ಟು ಬೇಕಾದರೂ ಉಳಿದಿರುತ್ತದೆ. ಉಳಿದ ಅನ್ನಕ್ಕೆ ಮಜ್ಜಿಗೆ ಸುರಿದು, ಉಪ್ಪಿನಕಾಯಿ ನೆಂಚಿಕೊಂಡು, ‘ನಂದಾಯ್ತು’ ಎಂದು ಏಳುವವರನ್ನು ನಾನು ನನ್ನ ಅಮ್ಮನ ಮನೆಯಲ್ಲೂ ನೋಡಿದ್ದೇನೆ, ಈ ಮನೆಯಲ್ಲೂ ನೋಡಿದ್ದೇನೆ. ಹಾಗಾಗಿ ಒಂದು ಕ್ರಮ ಹಾಕಿಕೊಂಡೆ. ಒಲೆಯಿಂದ ಇಳಿದ ಕೂಡಲೇ ಪಲ್ಯ ನಾಲ್ಕು ಬಟ್ಟಲಿಗೆ ಸಮ ಪಾಲಾಗಬೇಕು. ಬಡಿಸುವ ಪಾತ್ರೆ ಮೇಜಿಗೆ ಬರುವುದೇ ಇಲ್ಲ.

ಮೊದಲಿಗೆ ಅತ್ತೆಗೆ ಇದು ಹಿಡಿಸಲಿಲ್ಲ. ‘ಈ ವಯಸ್ಸಿಗೆ ನನಗೆ ಇಷ್ಟು ಪಲ್ಯ ಯಾಕೆ? ಬೆಳೆಯೋ ಮಗು ತಿನ್ನಲಿ’ ಎಂದು ಅರ್ಧವನ್ನು ಮೊಮ್ಮಗಳ ಬಟ್ಟಲಿಗೆ ಜಾರಿಸುತ್ತಿದ್ದರು. ‘ವಯಸ್ಸಾದ ಮೇಲೆ ಮೈಯ ಮಾಂಸ ಕರಗುತ್ತೆ ಅತ್ತೆ, ನಿಮಗೇ ಕಾಳು ಹೆಚ್ಚು ಬೇಕಾಗೋದು’ ಎಂದೆ. ನನ್ನ ಮಾತಿಗೆ ಒಪ್ಪಲಿಲ್ಲ. ಹಲ್ಲಿಗೆ ಕಷ್ಟವಾಗುತ್ತಿರಬಹುದೆಂದು ಕಾಳನ್ನು ಇನ್ನೆರಡು ಸೀಟಿ ಹೆಚ್ಚು ಬೇಯಿಸಿದೆ. ಸಮಸ್ಯೆ ಅದೇ ಆಗಿತ್ತು. ಮಾರ್ಚ್ ಹೊತ್ತಿಗೆ ಬಟ್ಟಲು ಖಾಲಿಯಾಗಿ ಬರತೊಡಗಿತು.

ಚೀಟಿಯಲ್ಲಿ ಈಗ ಧಾನ್ಯ 30, ಬೇಳೆಕಾಳು 9. ಹತ್ತು ಇನ್ನೂ ಮುಟ್ಟಿಲ್ಲ. ಉಪ್ಪು 700 ಗ್ರಾಮಿಗೆ ಬಂದಿದೆ, ಇನ್ನು ನೂರು ಇಳಿಯಬೇಕು. ಈ ತಿಂಗಳ ಚೀಟಿ ಬರೆಯಲು ಕೂತಾಗ ಅತ್ತೆ ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಕೊನೆಯ ಸಾಲಿನವರೆಗೂ ಓದಿ, ‘ಅಲಸಂದೆ ಒಂದು ಕೆಜಿ ಜಾಸ್ತಿ ಬರಿ, ಹೋದ ತಿಂಗಳು ಸಾಲಲಿಲ್ಲ’ ಅಂದರು.